ನೀರು ತಾಗಿಸದೆ ಬರೆದ ಹೊಸ್ತಿಲು

ನಮ್ಮ ಮನೆಯ ಹೊಸ್ತಿಲ ಮೇಲೆ ಯಾರೂ ಕೂರುವಂತಿರಲಿಲ್ಲ, ಹಾಗಾಗಿ ನಾನು ಅಲ್ಲೇ ಕೂರುತ್ತಿದ್ದೆ. ಠಾಣೆ ಶಹರದ ನೌಪಾಡಾದಲ್ಲಿ ಎರಡು ಮಹಡಿಯ ಒಂದು ಹಳೆಯ ಕಟ್ಟಡ. ಅದರಲ್ಲಿ ಕೆಳಗಿನ ಮನೆ ನಮ್ಮದು. ಎದುರಿಗೊಂದು ಕೋಣೆ, ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ಸ್ನಾನದ ಮೋರಿ. ಹಗಲು ಎದುರಿನ ಕೋಣೆ ನೆಂಟರಿಗೆ, ರಾತ್ರಿ ಹಾಸಿಗೆಗಳಿಗೆ. ನನ್ನ ಹಾಸಿಗೆ ಬಾಗಿಲ ಕಡೆಗೆ ತಲೆ ಮಾಡಿ ಹಾಸುತ್ತಿದ್ದರು, ಏಕೆಂದರೆ ಬೇರೆ ಜಾಗವಿರಲಿಲ್ಲ. ಅದರಿಂದ ನನಗೆ ಸಿಕ್ಕ ಲಾಭವೆಂದರೆ, ಬಾಲ್ಯದ ಎಲ್ಲ ಬೆಳಗುಗಳಲ್ಲೂ ಕಣ್ಣು ಬಿಟ್ಟಾಗ ಮೊದಲು ಕಾಣುತ್ತಿದ್ದದ್ದು ಹೊಸ್ತಿಲು, ಅದರಾಚೆ ಬಗ್ಗಿ ಕೂತ ಅಜ್ಜಿ. ಅರ್ಧ ನಿದ್ದೆ, ಅರ್ಧ ಎಚ್ಚರ. ದೂರದಲ್ಲಿ ಲೋಕಲ್ ಟ್ರೇನಿನ ಹಾರ್ನು, ಹತ್ತಿರದಲ್ಲಿ ಅಜ್ಜಿಯ ಬಳೆ. ಪ್ಯಾಸೇಜಿನ ಕೊನೆಯಿಂದ ಬರುವ ಬೂದಿ ಬಣ್ಣದ ಬೆಳಕು ಅವಳ ಬೆನ್ನ ಮೇಲೆ ಬಿದ್ದು, ಅಲ್ಲಿಂದ ಜಾರಿ ಒದ್ದೆ ಹೊಸ್ತಿಲ ಮೇಲೆ ನಿಲ್ಲುತ್ತಿತ್ತು. ಎಷ್ಟೋ ದಿನ ಅದನ್ನು ಕಂಡೆನೋ, ಕನಸಿನಲ್ಲಿ ಕಂಡೆನೋ ಹೇಳಲಾರೆ. ಎರಡೂ ಒಂದೇ ಥರ ಇರುತ್ತಿದ್ದವು.

ಅಜ್ಜಿ ಅಪ್ಪಯ್ಯನ ತಾಯಿ. ಅಜ್ಜ ತೀರಿದ ಮೇಲೆ ಕುಂದಾಪುರ ಕಡೆಯಿಂದ ಬಂದು ನಮ್ಮೊಡನೆ ಉಳಿದವಳು. ಈ ಊರಿನಲ್ಲಿ ಅವಳಿಗೆ ಹಿಡಿಸಿದ ವಸ್ತು ಹುಡುಕಿದರೆ ಒಂದೇ ಸಿಗುತ್ತಿತ್ತು: ನಮ್ಮ ಮರದ ಹೊಸ್ತಿಲು. ಸುತ್ತಲಿನ ಮನೆಗಳಲ್ಲಿ ಅದು ಆಗಲೇ ಮಾಯವಾಗಿತ್ತು. ನಾವು ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯವಳು ಕಪ್ಪು ಗ್ರಾನೈಟು ಹಾಕಿಸಿಕೊಂಡು, ದಿನಕ್ಕೊಂದು ಸಲ ಒರೆಸಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಮಾಡಿ ಇಟ್ಟಿದ್ದಳು. ಅಜ್ಜಿ ಮಾತ್ರ ನಮ್ಮದನ್ನು ದಿನವೂ ನೀರು ಹಾಕಿ ತೊಳೆದು, ಅರಿಶಿನ ಹಚ್ಚಿ, ಹೂವಿಟ್ಟು ಕೈ ಮುಗಿಯುತ್ತಿದ್ದಳು. ಮಳೆಗಾಲದ ಸೋಣೆ ತಿಂಗಳು, ಅಂದರೆ ಸಿಂಹಮಾಸ, ಬಂದರೆ ಇನ್ನೂ ಹೆಚ್ಚು. ಆಗ ಹೊಸ್ತಿಲು ಬರೆಯಬೇಕು. ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಬಿಳಿ ಶೇಡಿಮಣ್ಣನ್ನು ನೀರಿನಲ್ಲಿ ಕದಡಿ, ಬೆರಳದ್ದಿ, ಎರಡು ಉದ್ದ ಗೆರೆ ಎಳೆದು, ನಡುವೆ ಸಣ್ಣ ಅಡ್ಡಗೆರೆ ತುಂಬಿ, ತುದಿಗಳಲ್ಲಿ ಒಂದೊಂದು ಸುರುಳಿ ಬಿಡಿಸುತ್ತಿದ್ದಳು. ಆ ತಿಂಗಳಿಡೀ ಹೊಸ್ತಿಲಲ್ಲಿ ಕಣ್ಣಿಗೆ ಕಾಣದ ಅಜ್ಜಿಯೊಬ್ಬಳು ಬಂದು ಕೂರುತ್ತಾಳಂತೆ. ತಿಂಗಳ ಕೊನೆಗೆ ಅವಳಿಗೆ ಉಣ್ಣಲಿಟ್ಟು ಕಳಿಸಿಕೊಡಬೇಕಂತೆ. ನನಗೆ ಆ ಅಜ್ಜಿಯೂ ನಮ್ಮಜ್ಜಿಯೂ ಬೇರೆ ಬೇರೆ ಎಂದು ಪೂರ್ತಿ ನಂಬಿಕೆ ಬಂದಿರಲೇ ಇಲ್ಲ. ತಿಂಗಳ ಕೊನೆಯ ದಿನ ನಾನು ಶಾಲೆಯಿಂದ ಓಡಿ ಬಂದು, ನಮ್ಮವಳು ಅಡುಗೆಮನೆಯಲ್ಲಿ ಇದ್ದಾಳೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದೆ.

ಅಮ್ಮನದು ಬೇರೆಯೇ ಲೋಕ. ಅವಳ ಹಿರಿಯರದು ಉಡುಪಿಯಾದರೂ ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅವಳ ತವರಿನಲ್ಲಿ ಹೊಸ್ತಿಲೆಂದರೆ ಸಿಮೆಂಟಿನ ಒಂದು ಏಣು. ಅದನ್ನು ಬರೆಯುವುದಿರಲಿ, ನೋಡಿದವರೇ ಇಲ್ಲ. ಲೋಕಲ್ ಹಿಡಿದು ಹೋಗುವ ಫೋರ್ಟಿನ ಆಫೀಸೊಂದರಲ್ಲಿ ಅವಳಿಗೆ ಕೆಲಸ. ಎಲ್ಲರ ಡಬ್ಬಿ ತುಂಬಿ, ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತಲೇ ಚಪ್ಪಲಿ ಮೆಟ್ಟಿ, ಅಜ್ಜಿ ಬರೆಯುತ್ತಿದ್ದ ಹೊಸ್ತಿಲನ್ನು ಒಂದೇ ನೆಗೆತಕ್ಕೆ ದಾಟಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಸ್ವಲ್ಪ ಹೊತ್ತು ಪೌಡರಿನ ವಾಸನೆ ಬಾಗಿಲಲ್ಲಿ ನಿಂತಿರುತ್ತಿತ್ತು. ಅಜ್ಜಿ ತಲೆ ಎತ್ತುತ್ತಿರಲಿಲ್ಲ. ಅವರಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಒಬ್ಬಳು ಕೂತಿರುವಾಗ ಇನ್ನೊಬ್ಬಳು ಓಡುತ್ತಿದ್ದಳು, ಅಷ್ಟೇ.

ಜಗಳ ಬಂದದ್ದು ಒಂದು ಮಳೆಗಾಲದಲ್ಲಿ. ವರ್ಷಾನುಗಟ್ಟಲೆ ದಿನವೂ ನೀರು ಕುಡಿದ ಮರ ಒಳಗಿನಿಂದ ಕೊಳೆತಿತ್ತು. ಮೇಲಿನ ಅರಿಶಿನದ ಪದರ ಗಟ್ಟಿಯಾಗಿ ಕಾಣುತ್ತಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಹೊಸ್ತಿಲಲ್ಲಿ ಕೂರಬಾರದೆಂಬ ನಿಯಮ ಮುರಿದು ಕೂರುತ್ತಿದ್ದ ನನಗೊಬ್ಬಳಿಗೆ ಗೊತ್ತಿತ್ತು. ಒಂದು ಕಡೆ ಉಗುರು ಒತ್ತಿದರೆ ಮರ ಚಾದಲ್ಲಿ ನೆನೆದ ರಸ್ಕಿನಂತೆ ಒಳಗೆ ಹೋಗುತ್ತಿತ್ತು. ನನಗೆ ಅದು ಆಟವಾಗಿತ್ತು. ಒಂದು ಬೆಳಿಗ್ಗೆ ಅಮ್ಮನ ನೆಗೆತ ಸ್ವಲ್ಪ ಚಿಕ್ಕದಾಯಿತು. ಹಿಮ್ಮಡಿ ಹೊಸ್ತಿಲ ಅಂಚಿಗೆ ಬಿತ್ತು, ಅಂಚು ಕಿತ್ತು ಬಂತು, ಅಮ್ಮ ಪ್ಯಾಸೇಜಿನಲ್ಲಿ ಕಾಲು ಹೊರಳಿಸಿಕೊಂಡು ಬಿದ್ದಳು. ಡಬ್ಬಿ ತೆರೆದುಕೊಂಡು ತೊಂಡೆಕಾಯಿ ಪಲ್ಯ ಎದುರು ಮನೆಯ ಗ್ರಾನೈಟಿನವರೆಗೂ ಹೋಯಿತು.

ಆ ದಿನ ರಾತ್ರಿಯ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರಿದ ಹಪ್ಪಳ, ಮಾವಿನ ಉಪ್ಪಿನಕಾಯಿ. ಅಮ್ಮ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡೇ ಉಂಡಳು. ಗ್ರಾನೈಟು ಹಾಕಿಸಬೇಕೆಂದು ಅವಳೂ, ದಾಟುವವರು ನೋಡಿಕೊಂಡು ದಾಟಬೇಕೆಂದು ಅಜ್ಜಿಯೂ ಹೇಳಿದರು. ದಿನವೂ ಕೊಡಗಟ್ಟಲೆ ನೀರು ಸುರಿದರೆ ಕಬ್ಬಿಣವೂ ಉಳಿಯುವುದಿಲ್ಲ ಎಂದಳು ಅಮ್ಮ. ಮಾತಿಗೆ ಮಾತು ಬೆಳೆಯಿತು. ಅಪ್ಪಯ್ಯ ಅತ್ತ ದರಿ ಇತ್ತ ಪುಲಿ ಎಂಬಂತೆ ಗಂಜಿಯ ಬಟ್ಟಲಿಗೇ ತಲೆ ಹಾಕಿ ಕೂತಿದ್ದ. ಕೊನೆಗೆ ಅಜ್ಜಿ ಬಟ್ಟಲು ಸರಿಸಿ ಹೇಳಿದಳು:

"ಕಲ್ಲ್ ಹಾಕ್ಸುದಾರೆ ಹಾಕ್ಸಿ. ನಾನ್ ಕೋಟೇಶ್ವರಕ್ಕೆ ಹೋತೆ. ಮರದ್ ಹೊಸ್ಲ್ ಇಲ್ದಿದ್ ಮನಿಗೆ ಅಜ್ಜಿ ಬತ್ತಿಲ್ಲ."

ಕೋಟೇಶ್ವರದಲ್ಲಿ ಚಿಕ್ಕಪ್ಪನ ಮನೆ. ಬಾರದಿರುವ ಅಜ್ಜಿ ಯಾರು ಎಂದು ನಾನು ಕೇಳಲಿಲ್ಲ, ಕೇಳಲು ಹೆದರಿದೆ. ಮರುದಿನ ಅವಳ ತಗಡಿನ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿದು ನನ್ನ ಹಾಸಿಗೆಯ ಪಕ್ಕದಲ್ಲಿ ಬಂದು ಕೂತಿತು. ಸೀರೆಗಳು ಒಂದೊಂದಾಗಿ ಅದರೊಳಗೆ ಹೋದವು. ನಾನು ಹುಟ್ಟಿದಾಗಿನಿಂದ ಅಜ್ಜಿಯ ಹೊಟ್ಟೆಗೆ ಬೆನ್ನು ಒತ್ತಿಕೊಂಡು ಮಲಗಿದವಳು. ಅವಳು ಹೋದರೆ ನಾನು ಹೇಗೆ ನಿದ್ದೆ ಮಾಡುವುದು ಎಂಬುದೇ ತಿಳಿಯದೆ, ಅಮ್ಮನ ಮೇಲೂ ಕೋಪ ಬಂದು, ಅವಳ ಊದಿದ ಕಾಲು ಕಂಡು ಆ ಕೋಪವೂ ಉಳಿಯದೆ ಸುಮ್ಮನೆ ಅತ್ತುಬಿಟ್ಟೆ. ಅತ್ತೆ ಸೊಸೆಯರ ನಡುವೆ ಮಾತು ನಿಂತಿತು. ಮೊಣಕೈಗೆ ಮೊಣಕೈ ತಾಗುವ ಅಡುಗೆಮನೆಯಲ್ಲಿ ನಿಂತುಕೊಂಡೇ ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು. ಅಜ್ಜಿಗೆ ಹೇಳು, ಅನ್ನ ಆಗಿದೆ. ಅಮ್ಮಂಗ್ ಹೇಳ್, ಹಾಲ್ ಉಕ್ತಾ ಇತ್ತ್. ಹಾಲು ಉಕ್ಕುವುದರೊಳಗೆ ನಾನು ಹೇಳಿ ಮುಗಿಸಬೇಕಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಅಪ್ಪಯ್ಯನಿಗೆ ಹೊಳೆಯಿತು. ಅವನು ತುರ್ಭೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಒಡೆದ ನೆಲಕ್ಕೆ ಎಪಾಕ್ಸಿ ಎಂಬ ಅಂಟು ಹಾಕುವುದನ್ನು ಕಂಡಿದ್ದ. ಒಂದು ಡಬ್ಬಿಯಲ್ಲಿ ಜೇನಿನಂಥ ರೆಸಿನ್, ಇನ್ನೊಂದರಲ್ಲಿ ಹಾರ್ಡ್‌ನರ್. ಬೇರೆ ಬೇರೆ ಇರುವಷ್ಟು ದಿನ ಎರಡೂ ಬರೀ ದ್ರವ, ಕಲೆಸಿದರೆ ಕಲ್ಲು. ಅದು ಮರಕ್ಕೂ ಆಗುತ್ತದೆಂದು ವಿಚಾರಿಸಿಕೊಂಡು ಬಂದು, ಹೊಸ್ತಿಲನ್ನು ತೆಗೆಯದೆಯೇ ಸರಿಮಾಡುತ್ತೇನೆಂದು ಘೋಷಿಸಿದ. ಅಮ್ಮ, ಗಟ್ಟಿಯಾದರೆ ಸರಿ, ಇಲ್ಲದಿದ್ದರೆ ಗಣಪತಿ ಹಬ್ಬದೊಳಗೆ ಗ್ರಾನೈಟು ಎಂದಳು. ಅಜ್ಜಿ ಪೆಟ್ಟಿಗೆಯ ಮುಚ್ಚಳ ಹಾಕಲಿಲ್ಲ, ಒಳಗಿನ ಸೀರೆಗಳನ್ನು ತೆಗೆಯಲೂ ಇಲ್ಲ. ಮನೆಯವರೆಲ್ಲರ ಕಣ್ಣು ಹೊಸ್ತಿಲ ಮೇಲೆ ಬಿತ್ತು.

ಭಾನುವಾರ ಅಪ್ಪಯ್ಯ ಚಡ್ಡಿ ಹಾಕಿಕೊಂಡು ಸ್ಕ್ರೂ ಡ್ರೈವರು, ಉಳಿ ಹಿಡಿದು ಬಾಗಿಲಲ್ಲಿ ಕೂತ. ಕೊಳೆತದ್ದನ್ನೆಲ್ಲ ಕೆರೆದು ತೆಗೆಯಬೇಕು. ಮರ ಉಳಿಯ ಕೆಳಗೆ ಮೊದಲು ಪುಸಪುಸ ಎನ್ನುತ್ತಿತ್ತು, ಗಟ್ಟಿ ಭಾಗ ಸಿಕ್ಕಾಗ ಟಕ್ ಎನ್ನುತ್ತಿತ್ತು. ಆ ಟಕ್ ಕೇಳುವವರೆಗೂ ಕೆರೆಯಬೇಕೆಂದು ನನಗೆ ಹೇಳಿಕೊಟ್ಟ. ನಾನೀಗ ಹಲ್ಲಿನ ಡಾಕ್ಟರು. ಹುಳುಕನ್ನು ಗಟ್ಟಿ ಹಲ್ಲು ಸಿಗುವವರೆಗೆ ತೆಗೆದು, ಒಣಗಿಸಿ, ಆಮೇಲೆ ತುಂಬಬೇಕು ಎಂದು ಕಾಲೇಜಿನಲ್ಲಿ ಪಾಠ ಮಾಡಿದಾಗ, ಇದನ್ನು ಎಲ್ಲೋ ಕಲಿತಿದ್ದೇನಲ್ಲ ಎನ್ನಿಸಿ ಕ್ಲಾಸಿನಲ್ಲೇ ನಗು ಬಂದಿತ್ತು. ಹೊಸ್ತಿಲಂತೂ ಬಾಯಿ ತೆರೆದು ಮಲಗಿದ ರೋಗಿಯ ಹಾಗೇ ಇತ್ತು. ಮಧ್ಯದಲ್ಲಿ ದೊಡ್ಡ ಗುಳಿ, ಬಾಗಿಲ ಚೌಕಟ್ಟಿನ, ಅಂದರೆ ದಾರಂದದ, ಕಂಬದ ಬುಡದಲ್ಲೂ ಒಂದು ತೂತು.

ಕಷ್ಟದ ಕೆಲಸ ಒಣಗಿಸುವುದು. ಹೊರಗೆ ಮಳೆ ಹಗಲೂ ರಾತ್ರಿ ಜಿಟಿಜಿಟಿ. ಮರ ಒದ್ದೆಯಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ. ಅಪ್ಪಯ್ಯ ಟೇಬಲ್ ಫ್ಯಾನನ್ನು ನೆಲಕ್ಕಿಳಿಸಿದ, ಸ್ಟೂಲಿನ ಕಾಲಿಗೆ ನೂರು ವ್ಯಾಟಿನ ಬಲ್ಬು ಕಟ್ಟಿ ಹೊಸ್ತಿಲ ಮೇಲೆ ಇಳಿಬಿಟ್ಟ. ಆ ವಾರ ಬಾಗಿಲಲ್ಲಿ ಹಳದಿ ಬೆಳಕಿನ ಒಂದು ಗುಡ್ಡೆ ಹಗಲೂ ಉರಿಯುತ್ತಿತ್ತು. ಹಾಸಿಗೆಯಿಂದ ನೋಡಿದರೆ ಮನೆಯೊಳಗೆ ಯಾರೋ ಸಣ್ಣದೊಂದು ಸಾಯಂಕಾಲವನ್ನು ಕಾವಿಗೆ ಕೂರಿಸಿದ್ದಾರೆ ಎನ್ನಿಸುತ್ತಿತ್ತು. ಮರ ಬಿಸಿಯಾದಂತೆ ಅದರಿಂದ ಹಳೆಯ ಅರಿಶಿನ, ಬಾಡಿದ ಹೂವು, ಶೇಡಿ, ಎಲ್ಲದರ ವಾಸನೆ ಸಣ್ಣಗೆ ಎದ್ದು ಕೋಣೆ ತುಂಬಿಕೊಂಡಿತು. ನಾನು ಆ ವಾಸನೆಯೊಳಗೆ ಮಲಗಿ, ಅದರೊಳಗೇ ಏಳುತ್ತಿದ್ದೆ. ಬಲ್ಬಿನ ಆಚೆ ಕೂತ ಅಜ್ಜಿಯ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಅವಳು ಬರುತ್ತಿರುವವಳೋ ಹೊರಟವಳೋ ತಿಳಿಯುತ್ತಿರಲಿಲ್ಲ.

ಅಜ್ಜಿಗೆ ಅಪ್ಪಯ್ಯ ಕಟ್ಟುನಿಟ್ಟಾಗಿ ಹೇಳಿದ್ದ:

"ಅಮ್ಮ, ನೀರ್ ಮಾತ್ರ ತಾಗ್ಸುಕಾಗ. ಒಂದ್ ಹನಿಯೂ ಬ್ಯಾಡ."

ಬೆಳಿಗ್ಗೆ ಹೇಳಿದ, ಸಂಜೆ ಹೇಳಿದ, ಕಾರ್ಖಾನೆಯಿಂದ ಫೋನು ಮಾಡಿದಾಗಲೂ ಹೇಳಿದ. ಅಜ್ಜಿ ಆ ಮಾತನ್ನು ವ್ರತದಂತೆ ಹಿಡಿದಳು. ಮಿಂದು ಬಂದರೆ ಒದ್ದೆ ಕೂದಲಿಂದ ಹನಿ ಬಿದ್ದೀತೆಂದು ಬಾಗಿಲಿಗೆ ದೂರದಿಂದಲೇ ಕೈ ಮುಗಿದು, ಹೂವನ್ನು ಒಂದು ಮಣೆಯ ಮೇಲಿಟ್ಟು ಸಮಾಧಾನ ಮಾಡಿಕೊಂಡಳು. ಪ್ಯಾಸೇಜಿನಲ್ಲಿ ಕೊಡೆ ಕೊಡವಿದವರನ್ನೆಲ್ಲ ಬೈದಳು. ಅಮ್ಮ ಕುಂಟುತ್ತ ಬಂದು ಫ್ಯಾನಿನ ದಿಕ್ಕು ಸರಿಮಾಡಿ ಹೋಗುವುದನ್ನೂ ನಾನು ನೋಡಿದೆ. ಗ್ರಾನೈಟು ಬೇಕೆಂದವಳು ಅದನ್ನೇಕೆ ಮಾಡಿದಳೋ ಆಗ ತಿಳಿಯಲಿಲ್ಲ.

ಒಣಗಿದ ಮರಕ್ಕೆ ಅಪ್ಪಯ್ಯ ಸಣ್ಣ ತೂತು ಕೊರೆದು, ರೆಸಿನ್ ನೀರಿನಂತೆ ಮಾಡಿ ಕುಡಿಸಿದ. ಆಮೇಲೆ ಫರ್ನಿಚರ್ ಅಂಗಡಿಯಿಂದ ತಂದ ಮರದ ಹುಡಿ ಸೇರಿಸಿ, ಚಟ್ನಿಯಷ್ಟು ಗಟ್ಟಿ ಕಲೆಸಿ ಗುಳಿಗೆ ತುಂಬಿದ. ಮೊದಲ ಸಲ ಕಲೆಸಿದ್ದು ಮಗ್ಗಿನಲ್ಲೇ ಬಿಸಿಯಾಗಿ ಹೊಗೆಯಾಡಿ ಗಟ್ಟಿಯಾಯಿತು. ಆ ಮಗ್ಗು ಚಮಚದ ಸಮೇತ ಬಹಳ ಕಾಲ ನಮ್ಮ ಕಿಟಕಿಯಲ್ಲಿ ಪೇಪರ್ ವೇಟಾಗಿ ಇತ್ತು. ಎರಡನೆಯದು ಸರಿಹೋಯಿತು. ಆದರೆ ತುಂಬಿದ್ದು ಕೊಂಚ ತಗ್ಗಿ, ಮೇಲೆ ಇನ್ನೊಂದು ಪದರ ಬೇಕಾಯಿತು. ಅಷ್ಟರಲ್ಲಿ ಹೊಸ್ತಿಲು ಬರೆಯಲು ಶುರು ಮಾಡುವ ದಿನ, ಸೋಣೆ ಸಂಕ್ರಮಣ, ಬಂದೇ ಬಿಟ್ಟಿತು. ಅದೇ ಬೆಳಿಗ್ಗೆ, ಕಂಪೆನಿ ಬಸ್ಸು ಹಿಡಿಯುವ ಮೊದಲು ಅಪ್ಪಯ್ಯ ಕೊನೆಯ ಪದರವನ್ನು ಹೊಸ್ತಿಲ ಉದ್ದಕ್ಕೂ ಎಳೆದು, ಪಟ್ಟಿಯಿಂದ ನುಣ್ಣಗೆ ಸವರಿ, ಸಂಜೆಯೊಳಗೆ ಕಲ್ಲಾಗುತ್ತದೆ, ನೀರು ಮಾತ್ರ ಬೇಡ ಎಂದು ಮೋರಿಯಲ್ಲಿ ಮೀಯುತ್ತಿದ್ದ ಅಜ್ಜಿಗೆ ಕೂಗಿ ಹೇಳಿ ಓಡಿದ.

ನನಗೆ ಮಧ್ಯಾಹ್ನದ ಶಾಲೆ. ಹಾಸಿಗೆಯಲ್ಲೇ ಇದ್ದೆ. ಅಜ್ಜಿ ಮಿಂದು, ತಲೆಗೆ ಬಟ್ಟೆ ಬಿಗಿದು, ಕೈಗಳನ್ನು ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡು ಬಂದು ಕೂತಳು. ಶೇಡಿಯ ಬಟ್ಟಲಿಲ್ಲ, ನೀರಿಲ್ಲ. ಬಲ್ಬಿನ ಹಳದಿ ಬೆಳಕಿನಲ್ಲಿ ಅವಳ ಬೆರಳು ಹೊಸ್ತಿಲ ಮೇಲೆ ಇಳಿಯಿತು, ಸ್ವಲ್ಪ ಒಳಗೂ ಇಳಿಯಿತು. ಅವಳು ಒಂದು ಕ್ಷಣ ತಡೆದಳು. ಆಮೇಲೆ, ಶುರು ಮಾಡಿದ್ದನ್ನು ನಡುವೆ ಬಿಡಬಾರದು ಎನ್ನುವವಳಂತೆ, ನಿಧಾನವಾಗಿ ಉದ್ದ ಗೆರೆ ಎಳೆದಳು. ಎರಡನೆಯ ಗೆರೆಯ ನಡುವೆ ಇರುವಾಗ ಅಮ್ಮ ಒಳಗಿನಿಂದ ಬಂದಳು. ಕಾಲು ವಾಸಿಯಾಗಿ ಅವಳು ಆಫೀಸಿಗೆ ಹೊರಟ ಮೊದಲ ದಿನ. ಗೋಡೆ ಹಿಡಿದುಕೊಂಡು ದೊಡ್ಡದಾಗಿ ಕಾಲೆತ್ತಿ ದಾಟಿದಳು. ಸೀರೆಯ ಅಂಚು ಅಜ್ಜಿಯ ಕೈಗೆ ತಾಗಿತು. ಬೆರಳು ಜಾರಿ, ಗೆರೆ ಕೆಳಮುಖವಾಗಿ ಬಾಲದಂತೆ ಹೊರಳಿತು. ಅಮ್ಮ ತಿರುಗಿ ನೋಡಿ, ಟ್ರೇನಿಗೆ ಹೊರಟುಹೋದಳು. ಅಜ್ಜಿ ಆ ಬಾಲದ ಮೇಲೆ ಬೆರಳು ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಬೆರಳನ್ನು ಎತ್ತಿ ಮುಂದಿನ ಗೆರೆಗೆ ಹೋದಳು. ನನಗೆ ಮತ್ತೆ ನಿದ್ದೆ ಬಂತು.

ಸಂಜೆ ಅಪ್ಪಯ್ಯ ಬಂದು ಬಲ್ಬು ಬಿಚ್ಚಿ, ಬಗ್ಗಿ ನೋಡಿ, ಹಾಗೇ ಕೂತುಬಿಟ್ಟ. ಅಷ್ಟು ದಿನದ ಕೆಲಸದ ಮೇಲೆ ಅಜ್ಜಿಯ ಬೆರಳಿನ ಗೆರೆಗಳು ಕಲ್ಲಾಗಿ ಕೂತಿದ್ದವು. ಹೇಳಿದ ಮಾತು ಯಾರಿಗೂ ಕಿವಿಗೆ ಹೋಗುವುದಿಲ್ಲವೇ ಎಂದು ದನಿ ಎತ್ತಿದ. ಅಪ್ಪಯ್ಯ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಶಾಲೆಯ ಹುಡುಗಿಯ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದಳು.

"ನೀನ್ ನೀರ್ ತಾಗ್ಸುಕಾಗ ಅಂದೆ, ಮಗಾ. ನಾನ್ ನೀರ್ ತಾಗ್ಸ್ಲಿಲ್ಲ. ಒಣ್ಗಿದ್ ಬೆರಳಗೇ ಬರ್ದೆ."

ಅಪ್ಪಯ್ಯ ಎತ್ತಿದ ದನಿ ಇಳಿಸಿದ. ಆದರೂ ಪಾಲಿಶ್ ಪೇಪರು ತೆಗೆದು, ಉಜ್ಜಿ ಸಮ ಮಾಡಲು ಕೂತ. ಅಜ್ಜಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಹಾಸಿಗೆಯ ಪಕ್ಕದ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆಯೇ ಕೂತಳು.

"ಕಲ್ಲೇ ಹಾಕ್ಸ್. ಇನ್ ನನ್ ಕೈಲಿ ಯಾವ್ದೂ ಸಮ ಆತಿಲ್ಲ."

ಅವಳು ಸೋತು ಹೇಳಿದಳು, ಹಟದಿಂದಲ್ಲ. ಅದು ನನಗೂ ಗೊತ್ತಾಯಿತು. ಅಮ್ಮ ಆಗಷ್ಟೇ ಆಫೀಸಿನಿಂದ ಬಂದು ಹೊಸ್ತಿಲಿನ ಹೊರಗೆ ನಿಂತಿದ್ದಳು. ದಾಟಲು ಅಪ್ಪಯ್ಯ ಅಡ್ಡವಿದ್ದ. ಅವಳು ಬ್ಯಾಗು ಕೆಳಗಿಟ್ಟು, ಬಗ್ಗಿ, ಅವನ ಕೈಯಿಂದ ಪಾಲಿಶ್ ಪೇಪರನ್ನು ತೆಗೆದುಕೊಂಡಳು.

"ಉಜ್ಜಬೇಡಿ ರೀ. ಇರ್ಲಿ ಅದು."

ಆಮೇಲೆ ತಲೆ ಎತ್ತಿ, ನನ್ನ ಕಡೆ ನೋಡದೆ, ನೇರವಾಗಿ ಹೇಳಿದಳು:

"ನಂಗೆ ಹೊಸ್ತಿಲು ಬರೀಲಿಕ್ಕೆ ಬರುದಿಲ್ಲ, ಅತ್ತೆ. ಇದಿದ್ರೆ ನೋಡ್ಕೊಂಡು ಕಲಿಬಹುದು."

ಅಜ್ಜಿ ಪೆಟ್ಟಿಗೆಯ ಮೇಲಿಂದ ಎದ್ದು, ಸೆರಗು ಸರಿಮಾಡಿಕೊಂಡು, ಚಾ ಕುಡಿದಾಯಿತಾ ಎಂದು ಸೊಸೆಯನ್ನು ಕೇಳಿದಳು. ನನ್ನನ್ನು ನಡುವೆ ಹಾಕದೆ ಅವಳನ್ನೇ ಕೇಳಿದಳು. ಪೆಟ್ಟಿಗೆ ಮಾರನೆಯ ದಿನ ಅಟ್ಟಕ್ಕೆ ಹೋಯಿತು. ನನಗೆ ಕೆಲಸ ಹೋದ ಮಧ್ಯಸ್ಥಗಾರನಂತಾಯಿತಾದರೂ ಅಷ್ಟು ಸಂತೋಷದ ನಿದ್ದೆ ನಾನು ಮತ್ತೆ ಮಾಡಿದ ನೆನಪಿಲ್ಲ.

ಆ ಹೊಸ್ತಿಲು ಅಜ್ಜಿಗಿಂತ ಹೆಚ್ಚು ಬಾಳಿತು. ಎಪಾಕ್ಸಿಗೆ ನೀರಿನ ಭಯವಿಲ್ಲ. ಅವಳು ಮೊದಲಿನಂತೆ ಕೊಡಗಟ್ಟಲೆ ಸುರಿದು ತೊಳೆದಳು. ಸೋಣೆಯಲ್ಲಿ ಕದಡಿದ ಶೇಡಿಯನ್ನು ಗೆರೆಗಳೊಳಗೆ ಹರಿಸಿದರೆ ಸಾಕು, ಬಿಳಿ ತಾನಾಗಿ ಓಡಿ ತುಂಬಿಕೊಳ್ಳುತ್ತಿತ್ತು. ಕೊನೆಕೊನೆಗೆ ಕಣ್ಣು ಮಂಜಾದಾಗ ಅವಳು ಗೋಡೆಗೆ ಒರಗಿ ಕೂರುತ್ತಿದ್ದಳು, ಅಮ್ಮ ಬರೆಯುತ್ತಿದ್ದಳು. ಅಜ್ಜಿ ತೀರಿದ ಮೇಲೂ, ಟ್ರೇನಿಗೆ ಹೊತ್ತಾದರೂ, ಅಮ್ಮ ಗೆರೆಗಳಲ್ಲಿ ಬೆರಳಾಡಿಸಿಯೇ ಹೊರಡುತ್ತಿದ್ದಳು. ಆಮೇಲೆ ಕಟ್ಟಡ ಒಡೆದು ಹೊಸದು ಕಟ್ಟುವ ಕಾಲ ಬಂತು, ನಾವು ಘೋಡಬಂದರ್ ರಸ್ತೆಯ ಫ್ಲ್ಯಾಟಿಗೆ ಹೋದೆವು. ಬಿಡುವ ದಿನ ಅಪ್ಪಯ್ಯ ದಾರಂದಕ್ಕೆ ಸಬ್ಬಲು ಹಾಕಿದ. ಸುತ್ತಲಿನ ಮರ ಹುಡಿಹುಡಿಯಾಯಿತು. ಅವನು ತುಂಬಿದ ತುಂಡು ಮಾತ್ರ ಗೆರೆಗಳ ಸಮೇತ ಇಡಿಯಾಗಿ ಕೈಗೆ ಬಂತು. ಅದನ್ನು ಅಜ್ಜಿಯ ಒಂದು ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆವು.

ಹೊಸ ಮನೆಯಲ್ಲಿ ಹೊಸ್ತಿಲು ಕಪ್ಪು ಗ್ರಾನೈಟಿನದು. ಮೊದಲ ಸೋಣೆಯ ಬೆಳಿಗ್ಗೆ, ನೋಡಿಕೊಂಡು ಬರೆಯಲಿ ಎಂದು ನಾನು ಆ ತುಂಡನ್ನು ಇಳಿಸಿಕೊಂಡು ಬಾಗಿಲಿಗೆ ಬಂದರೆ, ಅಮ್ಮ ಆಗಲೇ ಬರೆದು ಮುಗಿಸಿದ್ದಳು. ಕಪ್ಪು ಕಲ್ಲಿನ ಮೇಲೆ ಎರಡು ಉದ್ದ ಬಿಳಿ ಗೆರೆ, ಅಡ್ಡಗೆರೆಗಳು, ಸುರುಳಿಗಳು. ಎರಡನೆಯ ಗೆರೆಯ ನಡುವೆ, ಕೆಳಮುಖವಾಗಿ ಹೊರಳಿದ ಆ ಬಾಲ. ನನಗೆ ನಗು ತಡೆಯಲಾಗಲಿಲ್ಲ. ಅದು ಚಿತ್ರದ ಭಾಗವಲ್ಲ, ಅವತ್ತು ಅಜ್ಜಿಯ ಕೈ ಜಾರಿ ಆದ ತಪ್ಪು, ಇಷ್ಟು ವರ್ಷ ಅದನ್ನೂ ಶಾಸ್ತ್ರವೆಂದು ಬರೆದೆಯಲ್ಲ ಎಂದೆ. ಅಮ್ಮ ಬೆರಳಿನ ಶೇಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ನಂಗೆ ಗೊತ್ತಿಲ್ವಾ? ನನ್ನ ಸೀರೆಯೇ ಅಲ್ವಾ ತಾಗಿದ್ದು."

ಅವಳು ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಬಾಲದ ಮೇಲೆ ಬೆರಳಿಟ್ಟಳು.

"ಆಗ ಇನ್ನೂ ಮೆತ್ತಗಿತ್ತು ಇದು. ಅತ್ತೆ ಒಂದ್ಸಲ ಸವರಿದ್ರೆ ಹೋಗ್ತಿತ್ತು. ಅವ್ರು ಸವರ್ಲಿಲ್ಲ."